ಬಿಳಿ ಪರಾಗದ ಗಿಡ

ಅರ್ವೆಲಾ ಪ್ರುಯಿಟ್ ತನ್ನ ಅಮ್ಮನ ಸಮಾಧಿಗೆಂದು ಕೆತ್ತಿಸಿದ ಕಲ್ಲನ್ನು ಪಿಕಪ್ ಗಾಡಿಯ ಹಿಂಬದಿಯಲ್ಲಿ ಹೇರಿಕೊಂಡು ಏಳು ತಿಂಗಳು ಊರೆಲ್ಲ ಸುತ್ತಿದಳು. ಅಂಗಡಿಗೂ ಹಾಗೇ, ಚರ್ಚಿಗೂ ಹಾಗೇ, ಹಲ್ಲಿನ ಡಾಕ್ಟರ ಹತ್ತಿರಕ್ಕೂ ಹಾಗೇ. ತಿರುವಿನಲ್ಲಿ ಕಲ್ಲು ಸರಿದು ತಗಡಿಗೆ ಬಡಿಯುವ ಸದ್ದು ಕೇಳಿದರೆ ಸಾಕು, ನಮ್ಮೂರು ಪೀವಿ ದಿಣ್ಣೆಯ ಜನ ಕಿಟಕಿಯ ಕಡೆ ತಿರುಗದೆಯೇ ‘ಓಮಾ ಹೊರಟಳು’ ಎನ್ನುತ್ತಿದ್ದರು. ಓಮಾ ಎಂದರೆ ಅವಳ ಅಮ್ಮ. ಸತ್ತು ಆಗಲೇ ನಲವತ್ತೈದು ವರ್ಷವಾಗಿತ್ತು.

ಕಲ್ಲು ಇತ್ತು, ಅದನ್ನು ನೆಡುವ ಜಾಗ ಗೊತ್ತಿರಲಿಲ್ಲ. ಓಮಾಳನ್ನು ನಮ್ಮ ದಿಣ್ಣೆಯ ಸ್ಮಶಾನದಲ್ಲೇ ಮಣ್ಣು ಮಾಡಿದ್ದು ಎಲ್ಲರಿಗೂ ನೆನಪಿತ್ತು. ಎಲ್ಲಿ ಅಂದರೆ, ದೇವದಾರು ಮರದಿಂದ ಕೆಳಗೆ ಇಳಿಜಾರಿನಲ್ಲಿ ಎಲ್ಲೋ ಅನ್ನುವಷ್ಟೇ. ಆ ಕಾಲದ ಬಡವರ ಸಮಾಧಿಗೆ ಹೆಸರು ಕೆತ್ತಿದ ಕಲ್ಲು ಇರುತ್ತಿರಲಿಲ್ಲ. ಹೊಲದಿಂದ ಒಂದು ಕಾಡುಗಲ್ಲು ತಂದು ತಲೆಯ ಕಡೆ ಹುಗಿದರೆ ಮುಗಿಯಿತು. ಹಾಗೆ ಹುಗಿದ ಮೂವತ್ತು ಮೂವತ್ತೈದು ಕಲ್ಲುಗಳು ಈಗ ಬೇಲಿಯ ಪಕ್ಕ ಗುಡ್ಡೆಯಾಗಿ ಬಿದ್ದಿವೆ. ಅಲ್ಲಿ ಒಟ್ಟಿದವನು ನಾನು.

ನನ್ನ ಹೆಸರು ಲೋವೆಲ್ ಹಚ್. ಆ ಸ್ಮಶಾನದ ಹುಲ್ಲು ಕತ್ತರಿಸುವ ಕೆಲಸ ನಲವತ್ತು ವರ್ಷಕ್ಕೂ ಮೇಲೆ ನನ್ನದೇ. ಎಪ್ಪತ್ತನಾಲ್ಕನೇ ಇಸವಿಯಲ್ಲಿ, ಇಪ್ಪತ್ತಮೂರರ ಹುಮ್ಮಸ್ಸಿನಲ್ಲಿ, ನಾನು ಮೊದಲ ಸಲ ಪೆಟ್ರೋಲ್ ಮೆಷಿನ್ ಕೊಂಡೆ. ಕಾಡುಗಲ್ಲಿಗೆ ತಗುಲಿ ಮೂರು ಬ್ಲೇಡು ಮುರಿದವು. ಡೆಕೊರೇಶನ್ ಭಾನುವಾರ ಹತ್ತಿರ ಬಂದಿತ್ತು. ಮೇ ಕೊನೆಯ ಆ ಭಾನುವಾರ ಪ್ರತಿ ಮನೆಯವರೂ ತಮ್ಮ ತಮ್ಮ ಸಮಾಧಿಗೆ ಹೂವಿಟ್ಟು ಅಲ್ಲೇ ಮೇಜು ಹಾಕಿ ಊಟ ಮಾಡುತ್ತಾರೆ. ಹುಲ್ಲು ಎದ್ದು ನಿಂತಿದ್ದರೆ ಮಾನ ಹೋದಂತೆ. ನಾನು ಎರಡು ದಿನ ಕೂತು ಕಲ್ಲುಗಳನ್ನೆಲ್ಲ ಕಿತ್ತು ಬೇಲಿಗೆ ಸಾಗಿಸಿದೆ. ಇಳಿಜಾರು ಮೇಜಿನ ಹಾಗೆ ಸಾಫಾಯಿತು. ಜನ ಬೆನ್ನು ತಟ್ಟಿದರು, ನಾನೂ ಉಬ್ಬಿದೆ. ಒಬ್ಬರೂ ‘ಅಯ್ಯೋ ಮಾರಾಯ, ಅವು ಸಮಾಧಿ ಕಲ್ಲಲ್ಲವೇನೋ’ ಅನ್ನಲಿಲ್ಲ. ಅನ್ನಬೇಕಾದವರು ಊರು ಬಿಟ್ಟಿದ್ದರು, ಅರ್ವೆಲಾಳ ಹಾಗೆ.

ಅರ್ವೆಲಾ ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು. ಶಾಲೆಯಲ್ಲಿ ನನಗಿಂತ ಒಂದು ತರಗತಿ ಹಿಂದೆ ಇದ್ದಳು. ಬೆಂಚಿನ ಮೇಲೆ ಅವಳು ನೆಟ್ಟಗೆ ಕೂತಿದ್ದನ್ನು ನಾನು ನೋಡಿದ ನೆನಪಿಲ್ಲ. ಅಮ್ಮ ಸತ್ತ ಮರು ವಸಂತದಲ್ಲಿ, ಹತ್ತೊಂಬತ್ತಕ್ಕೆ, ಊರು ಬಿಟ್ಟಳು. ಆಮೇಲೆ ಚಪ್ಪಲಿ ಕಾರ್ಖಾನೆ, ಟರ್ಕಿ ಕೋಳಿ ಕೊಯ್ಯುವ ಕಾರ್ಖಾನೆ, ಹೋಟೆಲಿನಲ್ಲಿ ಬಟ್ಟೆ ಒಗೆಯುವ ಕೆಲಸ, ಮುದುಕರನ್ನು ನೋಡಿಕೊಳ್ಳುವ ಕೆಲಸ. ನಾಲ್ಕು ರಾಜ್ಯ, ಇಬ್ಬರು ಗಂಡಂದಿರು, ಹತ್ತೊಂಬತ್ತು ಬಾಡಿಗೆ ಮನೆ. ಹೋದಲ್ಲೆಲ್ಲ ಅವಳು ಒಂದೇ ಗಿಡ ಬೆಳೆಸಲು ನೋಡಿದಳು. ನಮ್ಮ ಕಡೆ ಬಂಡೆಬಯಲಿನಲ್ಲಿ ತಾನಾಗಿ ಬೆಳೆಯುವ ಕೋನ್‌ಫ್ಲವರ್ ಅದು. ನಡುವೆ ಮುಳ್ಳುಮುಳ್ಳಾದ ಗುಬುಟು, ಸುತ್ತ ಸೋತು ಜೋತುಬಿದ್ದ ತೆಳು ನೇರಳೆ ಎಸಳು.

ಅಂಥ ಚಂಚಲ ಹೆಂಗಸಿಗೆ ಅಂಥ ಹಟಮಾರಿ ಗಿಡ. ಬೀಜವನ್ನು ಒದ್ದೆ ಮರಳಿನಲ್ಲಿ ಕಲಸಿ ಮೂರು ತಿಂಗಳು ಫ್ರಿಜ್ಜಿನಲ್ಲಿ ಇಡದಿದ್ದರೆ ಅದು ಮೊಳೆಯುವುದೇ ಇಲ್ಲ. ‘ನನ್ನ ಎರಡನೇ ಗಂಡ ಅದನ್ನ ಪುಡ್ಡಿಂಗ್ ಅಂತ ಬಾಯಿಗೆ ಹಾಕ್ಕೊಂಡ’ ಎಂದು ಅವಳೇ ನಗುತ್ತಿದ್ದಳು. ಮೊಳೆತ ಮೇಲೂ ಮೊದಲ ವರ್ಷ ಎರಡೇ ಎಲೆ. ಮುಂದಿನ ವರ್ಷ ನಾಲ್ಕು. ಅಷ್ಟರಲ್ಲಿ ಬೇರು ಮಾತ್ರ ಮೂಲಂಗಿಯಂತೆ ನೆಟ್ಟಗೆ ಪಾತಾಳಕ್ಕೆ ಇಳಿದಿರುತ್ತದೆ. ಮೂರು ನಾಲ್ಕು ವರ್ಷವಾಗದೆ ಹೂವಿಲ್ಲ. ಕಿತ್ತು ಬೇರೆ ಕಡೆ ನೆಟ್ಟರೆ ಬೇರು ತುಂಡಾಗಿ ಸಾಯುತ್ತದೆ. ಅರ್ವೆಲಾ ಯಾವ ಮನೆಯಲ್ಲೂ ಮೂರು ವರ್ಷ ನಿಂತವಳಲ್ಲ. ನಲವತ್ತನಾಲ್ಕು ವರ್ಷ ಬಿತ್ತಿ, ತಾನು ಬಿತ್ತಿದ ಒಂದು ಗಿಡದ ಹೂವನ್ನೂ ಅವಳು ಕಣ್ಣಾರೆ ನೋಡಿರಲಿಲ್ಲ.

ನಡುನಡುವೆ ಊರಿಗೆ ಬಂದಾಗಲೆಲ್ಲ ಅಮ್ಮನ ಕಲ್ಲು ಎಲ್ಲಿ ಎಂದು ಕೇಳುತ್ತಿದ್ದಳು, ಜಗಳ ತೆಗೆಯುತ್ತಿದ್ದಳು, ಹೋಗುತ್ತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅವಳ ಗಾಡಿ ಕಂಡರೆ ಕೊಟ್ಟಿಗೆಯ ಹಿಂದೆ ಏನೋ ಕೆಲಸ ಹುಡುಕಿಕೊಳ್ಳುತ್ತಿದ್ದೆ. ಅವಳು ಅರವತ್ತಮೂರಕ್ಕೆ ಮಂಡಿ ಸವೆದು ಕೆಲಸ ಬಿಟ್ಟು, ಕೆತ್ತಿಸಿದ ಕಲ್ಲಿನ ಸಮೇತ ಊರಿಗೇ ಬಂದುಬಿಟ್ಟಾಗ ಮಾತ್ರ ಎಲ್ಲಿಗೆ ಓಡಲಿ?

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ನಾನು ಬ್ಲೇಡು ಮಸೆಯುತ್ತಿದ್ದೆ. ಅವಳು ಬಂದು ಎದುರಿಗೆ ನಿಂತಳು. ನಿಂತಳು ಅಂದರೆ, ಆ ಕಾಲಿನಿಂದ ಈ ಕಾಲಿಗೆ ಭಾರ ಬದಲಿಸುತ್ತಿದ್ದಳು.

“ಲೋವೆಲ್, ಈ ವರ್ಷ ದೇವದಾರು ಮರದಿಂದ ಕೆಳಗೆ ಮೆಷಿನ್ ಹಾಕ್ಬೇಡ. ಜೂನ್ ಅರ್ಧದವರೆಗೂ.”

“ತಲೆ ಕೆಟ್ಟಿದೆಯೇನೆ? ಡೆಕೊರೇಶನ್‌ಗೆ ಜನ ಬಂದು ನನ್ನ ಮುಖಕ್ಕೆ ಉಗೀತಾರೆ.”

“ಉಗೀಲಿ, ಒರಸ್ಕೊ. ಊರು ಬಿಡೋ ಮುಂಚೆ ಅಮ್ಮನ ತಲೆ ಹತ್ರ ಒಂದು ಗಿಡ ನೆಟ್ಟಿದ್ದೆ ಕಣೋ. ಮೊಣಕೈ ಆಳ ಅಗೆದು, ಮಣ್ಣಿನ ಸಮೇತ ಹೊತ್ಕೊಂಡು ಬಂದು ನೆಟ್ಟಿದ್ದೆ. ನೀನು ವರ್ಷಕ್ಕೆ ಮೂರು ಸಲ ಎಷ್ಟು ಬೋಳಿಸಿದ್ರೂ ಬೇರು ಸತ್ತಿರಲ್ಲ.”

“ಆ ಇಳಿಜಾರಿನ ತುಂಬ ಕೋನ್‌ಫ್ಲವರ್ರೇ ಇದಾವಲ್ಲೇ. ನಿಂದು ಯಾವ್ದು ಅಂತ ಹೆಸರು ಬರ್ದಿರುತ್ತಾ?”

“ಪರಾಗ,” ಎಂದಳು. “ಈ ದಿಣ್ಣೆ ಗಿಡದ ಪರಾಗ ಹಳದಿ, ಮೆಕ್ಕೆಜೋಳದ ಹಿಟ್ಟಿನ ಹಾಗೆ. ಅಮ್ಮನದು ಪಡುವಣ ಸೀಮೆ ಹುಲ್ಲುಗಾವಲಿಂದ ಬಂದಿದ್ದು. ಮದುವೆಯಾಗಿ ಬರೋವಾಗ ಕಾಫಿ ಡಬ್ಬೀಲಿ ಬೀಜ ತಂದಿದ್ಲು. ಅದರ ಪರಾಗ ಬಿಳಿ, ಗೋಧಿ ಹಿಟ್ಟು. ಎಲೆ ನೋಡಿದ್ರೆ ಗೊತ್ತಾಗಲ್ಲ, ಎಸಳು ನೋಡಿದ್ರೂ ಗೊತ್ತಾಗಲ್ಲ. ಅರಳಬೇಕು, ಅಷ್ಟೇ. ಮನೆ ಮುಂದೆ ಇದ್ದಿದ್ದೆಲ್ಲ ಯಾವತ್ತೋ ಹೋಯ್ತು. ಉಳಿದಿದ್ರೆ ಇದೊಂದೇ.”

ನಾನು ಬ್ಲೇಡು ಮಸೆಯುವುದನ್ನು ನಿಲ್ಲಿಸಿದೆ. ಕಲ್ಲು ಕಿತ್ತ ವಿಷಯ ಆಗಲೇ ಹೇಳಿಬಿಡಬೇಕಿತ್ತು. ಬದಲು ಬ್ಲೇಡಿನ ಅಂಚನ್ನು ಒರಸತೊಡಗಿದೆ.

ಸ್ಮಶಾನ ಸಮಿತಿಯ ಹಿರಿಯ ಎಲ್ವುಡ್ ಕ್ರಂಪ್. ಎಂಬತ್ತೆರಡರ ಅವನನ್ನು ಚರ್ಚಿನ ರೂಢಿಯಂತೆ ಎಲ್ಲರೂ ಅಣ್ಣ ಎಂದೇ ಕರೆಯುತ್ತೇವೆ. ಚರ್ಚಿನ ಮೆಟ್ಟಿಲ ಮೇಲೆ ಸಭೆ ಕೂಡಿತು. ಅಚ್ಚರಿಯೆಂದರೆ ಅವನು ಅರ್ವೆಲಾಳ ಮಾತಿಗೆ ಒಪ್ಪಿ ತಲೆಯಾಡಿಸಿದ. ನಾನೇ ಬಾಯಿ ಹಾಕಿದೆ.

“ಆಯ್ತಣ್ಣ, ಕೆಳಗೆ ಬಿಡ್ತೀನಿ. ವಿಲ್ಡಾದು ಮಾತ್ರ ಕೈಯಲ್ಲಿ ಕತ್ತರಿಸ್ತೀನಿ.”

ವಿಲ್ಡಾ ನನ್ನ ಹೆಂಡತಿ. ಒಂಬತ್ತು ವರ್ಷದ ಹಿಂದೆ ಹೋದಳು. ಅವಳೂ ಆ ಇಳಿಜಾರಿನಲ್ಲೇ ಇದ್ದಾಳೆ, ದೇವದಾರಿನಿಂದ ಸ್ವಲ್ಪ ಕೆಳಗೆ. ಜಾಗ ಕೇಳಿದಾಗ ಎಲ್ವುಡ್ ಅಣ್ಣನೇ ಕೋಲಿನಲ್ಲಿ ಚುಚ್ಚಿ ತೋರಿಸಿದ್ದ: ‘ಇಲ್ಲಿ ಕಲ್ಲಿಲ್ಲ, ಯಾರೂ ಇಲ್ಲ. ಇಬ್ಬರಿಗೂ ಆಗುತ್ತೆ.’ ಜೋಡಿ ಕಲ್ಲು ಹಾಕಿಸಿದೆ. ಎಡಕ್ಕೆ ಅವಳ ಹೆಸರು, ಎರಡು ಇಸವಿ. ಬಲಕ್ಕೆ ನನ್ನ ಹೆಸರು, ಹುಟ್ಟಿದ ಇಸವಿ, ಒಂದು ಗೆರೆ, ಆಮೇಲೆ ಖಾಲಿ. ಸುತ್ತ ಇಟ್ಟಿಗೆ ಅಂಚು ಕಟ್ಟಿ ಪ್ರತಿ ಶನಿವಾರ ಅಲ್ಲಿಗೆ ಹೋಗಿ ಒಂದು ಗಂಟೆ ಇರುತ್ತೇನೆ. ನಾಳೆ ನಾನು ಮಲಗುವ ಜಾಗ ಎಂದು ನೋಡಿದರೆ ನನಗೆ ಹೆದರಿಕೆಯಾಗುವುದಿಲ್ಲ, ನೆಮ್ಮದಿಯಾಗುತ್ತದೆ. ಮೂವತ್ತೊಂದು ವರ್ಷ ಅವಳ ಬಲಮಗ್ಗುಲಿಗೆ ಮಲಗಿದವನು ನಾನು.

“ಅದಾಗಲ್ಲ ಲೋವೆಲ್,” ಎಂದ ಎಲ್ವುಡ್ ಅಣ್ಣ. “ನಮ್ಮಜ್ಜಿ ಹುಲ್ಲಿನೊಳಗೆ, ನಿನ್ನ ಹೆಂಡ್ತಿ ಸಾಫ್ ಸೀದಾ? ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ. ಬಿಟ್ರೆ ಎಲ್ಲಾನೂ ಬಿಡು.”

ಬಿಟ್ಟೆ. ಬಿಡದೆ ಏನು ಮಾಡಲಿ.

ಮೇ ಮೊದಲ ವಾರದಿಂದ ಅರ್ವೆಲಾ ಇಳಿಜಾರಿನಲ್ಲೇ ಬೀಡುಬಿಟ್ಟಳು. ಆ ಸವೆದ ಮಂಡಿಗೆ ಕಾರ್ಪೆಟ್ ತುಂಡು ಕಟ್ಟಿಕೊಂಡು ಅಂಬೆಗಾಲಿನಲ್ಲಿ ತೆವಳುತ್ತ ಹುಲ್ಲನ್ನು ಬಗೆಯುತ್ತಿದ್ದಳು. ಕೋನ್‌ಫ್ಲವರ್ ಸಿಕ್ಕಲ್ಲಿ ಕೆಂಪು ಬಟ್ಟೆ ಕಟ್ಟಿದ ಕಡ್ಡಿ ಚುಚ್ಚುತ್ತಿದ್ದಳು. ಸಂಜೆ ಕೈತುಂಬ ಉಣ್ಣಿ ಕಿತ್ತು ಸೀಮೆಎಣ್ಣೆಯ ಡಬ್ಬಿಗೆ ಹಾಕುತ್ತಿದ್ದಳು. ಒಂದು ದಿನ ನನ್ನನ್ನೂ ಎಳೆದು ಬಗ್ಗಿಸಿದಳು.

“ಮುಟ್ಟು. ಎಲೆ ಉದ್ದಕ್ಕೆ ಕಿರಿದಾಗಿದೆ, ನೋಡಿದ್ಯಾ? ಬುಡದಿಂದ ತುದಿವರೆಗೂ ಮೂರು ಗೆರೆ. ಎರಡೂ ಕಡೆ ಒರಟು ಕೂದಲು, ನಿನ್ನ ಗಡ್ಡದ ಹಾಗೆ. ಅಗಲ ಎಲೆ, ಅಂಚಿಗೆ ಹಲ್ಲು ಇದ್ರೆ ಅದು ಪೊಟ್ಟಣದ ಬೀಜದ್ದು, ತೋಟದ್ದು. ಮೆತ್ತಗೆ ಬೆಕ್ಕಿನ ಕಿವಿ ಹಾಗಿದ್ರೆ ಬೇರೆ ಜಾತಿನೇ.”

ಆ ಎಲೆ ಬೆರಳಿಗೆ ತಾಗಿದ್ದೇ ನಾನು ಕೈ ಹಿಂದೆಳೆದುಕೊಂಡೆ. ಆ ಒರಟು ನನ್ನ ಬೆರಳಿಗೆ ಹೊಸದಲ್ಲ. ಒಂಬತ್ತು ವರ್ಷದಿಂದ ಪ್ರತಿ ವಸಂತದಲ್ಲೂ ಇಟ್ಟಿಗೆ ಅಂಚಿನ ಒಳಗೆ, ಜೋಡಿ ಕಲ್ಲಿನ ಮುಂದೆ, ಅಂಥದ್ದೇ ಎಲೆ ಏಳುತ್ತಿತ್ತು. ಕಿತ್ತರೆ ಬರುತ್ತಿರಲಿಲ್ಲ, ತುಂಡಾಗುತ್ತಿತ್ತು. ಹಾಳು ಕಳೆ ಎಂದು ಬೈದುಕೊಂಡು ನೆಲದ ಮಟ್ಟಕ್ಕೆ ಕತ್ತರಿಸಿ ಬರುತ್ತಿದ್ದೆ. ಅದು ಬಲಗಡೆ ಇತ್ತು, ನನ್ನ ಹೆಸರಿನ ಕೆಳಗೆ.

“ವಿಲ್ಡಾ ಹತ್ರ ನೋಡ್ಲಾ?” ಎಂದು ಕೇಳಿದಳು.

“ಅಲ್ಲೇನಿಲ್ಲ. ಕಳೆ ನಾನೇ ಕೀಳ್ತೀನಲ್ಲ. ಅವಳ ಹತ್ರ ಗಲಾಟೆ ಬೇಡ.”

ಅವಳು ಒಪ್ಪಿದಳು. ಅಷ್ಟು ಬಾಯಿಜೋರಿನ ಹೆಂಗಸು, ನನ್ನ ಹೆಂಡತಿಯ ವಿಷಯಕ್ಕೆ ಮರುಮಾತಾಡಲಿಲ್ಲ. ನನಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಅಲ್ಲಿಂದ ನಾನು ಕೂತಲ್ಲಿ ಕೂರಲಿಲ್ಲ. ದಿನಾ ಬೆಳಿಗ್ಗೆ ಅವಳು ಬರುವ ಮೊದಲೇ ಹೋಗಿ ಆ ಗಿಡ ನೋಡುತ್ತಿದ್ದೆ. ಒಂದೇ ಕಾಂಡ ಎದ್ದಿತು, ಗೇಣುದ್ದ, ಮೊಣಕಾಲುದ್ದ. ತುದಿಗೆ ಗುಂಡಿಯಂಥ ಮೊಗ್ಗು. ಹಳದಿ ಇರಲಿ ದೇವರೇ, ಇಷ್ಟು ಹಳದಿ ಇವೆಯಲ್ಲ, ಇದೂ ಒಂದು ಇರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಮನೆಗೆ ಬಂದು ಕಾಫಿ ಕಾಯಿಸಿ ಕುಡಿಯುವುದನ್ನು ಮರೆಯುತ್ತಿದ್ದೆ. ಅತ್ತ ಅರ್ವೆಲಾಳದ್ದೂ ಅದೇ ಪಾಡು. ತಡೆಯಲಾರದೆ ಎರಡು ಮೊಗ್ಗನ್ನು ಉಗುರಿನಲ್ಲಿ ಬಿಡಿಸಿ ಹಾಳು ಮಾಡಿದಳು. ಆಮೇಲೆ ತನ್ನ ಕೈಗೆ ತಾನೇ ಹೊಡೆದುಕೊಂಡಳು.

ಆ ವರ್ಷ ಚಳಿ ತಡವಾಗಿ ಬಿಟ್ಟಿತ್ತು. ಡೆಕೊರೇಶನ್ ಭಾನುವಾರ ಬಂದರೂ ಒಂದು ಹೂವೂ ಬಾಯಿ ಬಿಟ್ಟಿರಲಿಲ್ಲ. ಮೊಣಕಾಲೆತ್ತರದ ಹುಲ್ಲಿನಲ್ಲಿ ಜನ ಪ್ಲಾಸ್ಟಿಕ್ ಹೂಗುಚ್ಛ ಹಿಡಿದುಕೊಂಡು ತಮ್ಮ ತಮ್ಮ ಅಜ್ಜಿಯರನ್ನು ಹುಡುಕಿದರು. ಕರಿದ ಕೋಳಿ ತಿನ್ನುತ್ತಲೇ ನನ್ನನ್ನು ಆಡಿಕೊಂಡರು. “ಲೋವೆಲ್ಲಿಗೆ ವಯಸ್ಸಾಯ್ತು ಬಿಡಿ, ಬೇರೆಯವರನ್ನ ನೋಡ್ಬೇಕು.” “ಒಂದು ಹೂವಿಗೋಸ್ಕರ ಊರಿಗೂರೇ ಹುಲ್ಲು ಮೇಯ್ಬೇಕಾ?” ಅರ್ವೆಲಾ ಯಾರ ಮೇಜಿನಲ್ಲೂ ಕೂರದೆ ತಟ್ಟೆ ಹಿಡಿದು ಅಡ್ಡಾಡುತ್ತಲೇ ತಿಂದಳು. ಹೋಗುವಾಗ ನನ್ನ ಹತ್ತಿರ ಬಂದು, “ನೀನು ನನಗೋಸ್ಕರ ಇಷ್ಟೆಲ್ಲ ಅನ್ನಿಸ್ಕೊಂಡೆ, ಮರೆಯಲ್ಲ,” ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಜೂನ್ ನಾಲ್ಕರಿಂದ ಅರಳತೊಡಗಿದವು. ಗುಬುಟಿನ ಬುಡದಲ್ಲಿ ಮೊದಲು ಒಂದು ಸುತ್ತು ಪರಾಗ ಏಳುತ್ತದೆ, ದಿನಕ್ಕಿಷ್ಟು ಮೇಲೆ ಹತ್ತುತ್ತದೆ. ಅರ್ವೆಲಾ ಬಣ್ಣ ಎದ್ದು ಕಾಣಲೆಂದು ಎಡಗೈಗೆ ಕಪ್ಪು ಕಾಲುಚೀಲ ಹಾಕಿಕೊಂಡು ಒಂದೊಂದನ್ನೇ ಒರಸಿ ನೋಡಿದಳು. ನಲವತ್ತೆರಡು ಕಡ್ಡಿ. ಮೊದಲ ದಿನ ಹನ್ನೊಂದು, ಹಳದಿ. ಮರುದಿನ ಒಂಬತ್ತು, ಹಳದಿ. ಎಂಟನೇ ತಾರೀಖಿಗೆ ಎರಡು ಉಳಿದವು, ಅವಳೇ ಉಗುರಿನಲ್ಲಿ ಕೆಡಿಸಿದ ಎರಡು. ಅವು ಇನ್ನು ಅರಳುವ ಹಾಗಿರಲಿಲ್ಲ.

“ನನ್ನ ಕೈಯಾರೆ,” ಎಂದಳು. “ಆ ಎರಡರಲ್ಲೊಂದು ಅಮ್ಮಂದು. ನಾಲ್ಕು ದಿನ ಕಾಯಕ್ಕಾಗ್ಲಿಲ್ಲ ನನಗೆ. ಜೀವಮಾನದಲ್ಲಿ ಒಂದೇ ಒಂದ್ಸಲ ಕಾಯ್ಬೇಕಿತ್ತು.”

ಅವಳು ಅಳುವುದನ್ನು ನಾನು ನೋಡಿದ್ದು ಅವತ್ತೇ. ಅಳುವಾಗಲೂ ನಡೆಯುತ್ತಲೇ ಇದ್ದಳು. “ನಾಡಿದ್ದು ಹೊರಡ್ತೀನಿ. ಕಲ್ಲು ನಿನ್ನ ಕೊಟ್ಟಿಗೇಲಿ ಇಟ್ಕೊ,” ಎಂದು ಗಾಡಿ ಹತ್ತಿದಳು.

ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಇಟ್ಟಿಗೆ ಅಂಚಿನ ಒಳಗಿನ ಹೂ ಅರಳಿತ್ತು. ಎಲ್ಲಕ್ಕಿಂತ ತಡವಾಗಿ. ನಾನು ಬಗ್ಗಿ ನನ್ನ ಕಪ್ಪು ಟೊಪ್ಪಿಗೆಯ ಅಂಚನ್ನು ಅದರ ಬುಡಕ್ಕೆ ಒರಸಿದೆ. ಬಿಳಿ. ಬೆಳಿಗ್ಗೆ ರೊಟ್ಟಿಗೆ ಹಿಟ್ಟು ಕಲಸಿದ ಕೈಯನ್ನು ಒರಸಿದ ಹಾಗೆ.

ನನ್ನ ಜೇಬಿನಲ್ಲಿ ಚಾಕು ಇತ್ತು. ಸುಳ್ಳು ಹೇಳುವುದಿಲ್ಲ, ಅದನ್ನು ತೆಗೆದು ಬಿಚ್ಚಿದೆ. ಒಂದು ಕಾಂಡ, ಒಂದು ಸಲ ಎಳೆದರೆ ಆಯಿತು. ಒಂಬತ್ತು ವರ್ಷ ಮಾಡಿದ್ದನ್ನೇ ಇನ್ನೊಂದು ಸಲ ಮಾಡಬೇಕಿತ್ತು, ಅಷ್ಟೇ. ಅವಳು ನಾಳೆ ಹೊರಡುತ್ತಾಳೆ. ನಾನು ವಿಲ್ಡಾಳ ಪಕ್ಕ ಮಲಗುತ್ತೇನೆ. ಕಲ್ಲಿನ ಮೇಲೆ ನನ್ನ ಹೆಸರು, ಆ ಗೆರೆ, ಆ ಖಾಲಿ ಜಾಗ. ಆಗ ಹೊಳೆಯಿತು: ಇಲ್ಲಿ ಕಲ್ಲಿಲ್ಲ, ಯಾರೂ ಇಲ್ಲ ಎಂದು ಎಲ್ವುಡ್ ಅಣ್ಣ ಹೇಳಿದ್ದು ಯಾಕೆ? ಆ ಕಲ್ಲನ್ನು ಕಿತ್ತವನು ನಾನೇ ಆಗಿದ್ದೆ. ಓಮಾಳ ಜಾಗ ಖಾಲಿ ಮಾಡಿದವನೂ ನಾನು, ಅದನ್ನು ಪಡೆದುಕೊಂಡವನೂ ನಾನು. ಚಾಕು ಮಡಚಿ ಜೇಬಿಗೆ ಹಾಕಿ ಅವಳ ಮನೆಗೆ ನಡೆದೆ. ಗಾಡಿಗೆ ಸಾಮಾನು ಹೇರುತ್ತಿದ್ದಳು.

“ಬಾರೆ,” ಎಂದೆ. “ಕಲ್ಲು ಇಳಿಸ್ಬೇಡ.”

ಹೂವಿನ ಮುಂದೆ ಅವಳು ಕಾಲುಚೀಲ ಹಾಕಿದ ಕೈ ಚಾಚಿ ಒರಸಿಕೊಂಡಳು. ಬೆಳಕಿಗೆ ಹಿಡಿದಳು. ಆಮೇಲೆ ಕಲ್ಲಿನ ಮೇಲಿದ್ದ ನನ್ನ ಹೆಸರನ್ನು ಓದಿದಳು.

“ಇದು ನಿನ್ನ ಜಾಗ.”

“ನಿಮ್ಮಮ್ಮನ ಜಾಗ.”

“ನಿನಗೆ ಮೊದ್ಲೇ ಗೊತ್ತಿತ್ತಾ?”

“ಗಿಡ ಇದೆ ಅಂತ ಒಂದು ತಿಂಗಳಿಂದ ಗೊತ್ತಿತ್ತು. ಬಿಳಿ ಅಂತ ಇವತ್ತು ಗೊತ್ತಾಯ್ತು. ಇನ್ನೊಂದಿದೆ ಅರ್ವೆಲಾ. ಬೇಲಿ ಹತ್ರ ಇರೋ ಕಲ್ಲುಗಳನ್ನ ಕಿತ್ತಿದ್ದು ನಾನೇ. ಎಪ್ಪತ್ತನಾಲ್ಕರಲ್ಲಿ. ಮೆಷಿನ್‌ಗೆ ಅಡ್ಡ ಬರ್ತಿತ್ತು.”

ಅವಳು ನನ್ನನ್ನೇ ನೋಡಿದಳು. “ನಲವತ್ತೊಂದು ವರ್ಷ,” ಎಂದಳು. “ನಲವತ್ತೊಂದು ವರ್ಷ ನಾನು ಬಂದು ಬಂದು ಕೇಳಿದೆ, ನೀನು ಕೊಟ್ಟಿಗೆ ಹಿಂದೆ ಬಚ್ಚಿಟ್ಕೊಂಡೆ. ನಾಯಿ ನೀನು.”

“ಹೌದು.”

“ಹೌದು ಅಂದ್ರೆ ಆಗೋಯ್ತಾ?”

ಆಗುವುದಿಲ್ಲ ಎಂದು ನನಗೂ ಗೊತ್ತಿತ್ತು. ಅವಳು ಇಟ್ಟಿಗೆ ಅಂಚಿನ ಸುತ್ತ ನಾಲ್ಕೈದು ಸುತ್ತು ಹಾಕಿದಳು. ಒಂದು ಇಟ್ಟಿಗೆಯನ್ನು ಒದ್ದಳು. ಕೊನೆಗೆ ಗಾಡಿಯತ್ತ ಕೈ ತೋರಿಸಿ, “ಹಲಗೆ ತಗೊಂಡು ಬಾ, ಎರಡು ಕೊಳವೆನೂ ತಾ. ಒಬ್ಬಳ ಕೈಲಿ ಆಗಲ್ಲ,” ಎಂದಳು.

ಕೊಳವೆಗಳ ಮೇಲೆ ಉರುಳಿಸಿಕೊಂಡು ಓಮಾಳ ಕಲ್ಲನ್ನು ತಂದು, ಹೂವಿನ ಬೇರಿಗೆ ತಗುಲದಂತೆ ಒಂದು ಮೊಳ ಬಿಟ್ಟು ನೆಟ್ಟೆವು. ಬೆವರು ಒರಸಿಕೊಂಡು ಅರ್ವೆಲಾ ವಿಲ್ಡಾಳ ಹೆಸರಿನ ಕಡೆ ನೋಡಿದಳು.

“ನಮ್ಮಮ್ಮ ಗೊರಕೆ ಹೊಡೀತಿದ್ಲು, ಇವಳಿಗೆ ಹೇಳಿರು,” ಎಂದಳು. ಆಮೇಲೆ ಬೇರೆ ದನಿಯಲ್ಲಿ ಕೇಳಿದಳು. “ನೀನೆಲ್ಲಿ ಮಲಗ್ತಿ?”

“ಬೇಲಿ ಹತ್ರ. ಆ ಕಲ್ಲುಗಳ ಪಕ್ಕ.”

ಅವಳು ಕೊಳವೆಗಳನ್ನು ಎತ್ತಿ ಗಾಡಿಗೆ ಹಾಕಿದಳು. ಮರುದಿನ ಹೊರಡಲಿಲ್ಲ. ಅಕ್ಟೋಬರಿನಲ್ಲಿ ಅಮ್ಮನ ಹೂವಿನ ಒಣಗಿದ ಗುಬುಟನ್ನು ಕಾಗದದ ಮೇಲೆ ಒಡೆದು ಬೀಜ ಬಿಡಿಸಿದಳು, ಮರಳಿನಲ್ಲಿ ಕಲಸಿದಳು. ಫೆಬ್ರವರಿ ಕಳೆದ ಮೇಲೆ ಬೇಲಿಯ ಹತ್ತಿರ, ಕಲ್ಲುಗುಡ್ಡೆಯ ಈಚೆಗೆ, ಒಂದು ಆಳುದ್ದದ ಜಾಗ ಕೆದಕಿ ಬಿತ್ತಿದಳು. ಯಾರಿಗೆ ಎಂದು ನಾನು ಕೇಳಲಿಲ್ಲ.

“ಹೂ ಬಿಡೋಕೆ ನಾಲ್ಕು ವರ್ಷ ಬೇಕು,” ಎಂದಳು. “ಅಲ್ಲೀವರೆಗೂ ನೀನು ಸಾಯೋ ಹಾಗಿಲ್ಲ, ತಿಳೀತಾ? ನಿನ್ನ ಮೇಲೆ ನನಗಿನ್ನೂ ಸಿಟ್ಟು ಹೋಗಿಲ್ಲ.”

“ಅಲ್ಲೀವರೆಗೂ ನೀನು ಇಲ್ಲಿರ್ತೀಯಾ?”

“ನೋಡೋಣ.”

ಈಗ ಮೂರನೇ ವರ್ಷ. ವಾರಕ್ಕೊಮ್ಮೆಯಾದರೂ ಮನೆ ಖಾಲಿ ಮಾಡುತ್ತೇನೆ ಎನ್ನುತ್ತಾಳೆ, ಪೆಟ್ಟಿಗೆಗಳನ್ನು ಬಾಗಿಲ ಹತ್ತಿರ ಜೋಡಿಸುತ್ತಾಳೆ, ಆಮೇಲೆ ಬೇಲಿಯ ಹತ್ತಿರ ಹೋಗಿ ಎಲೆ ಎಣಿಸಿ ವಾಪಸು ಬರುತ್ತಾಳೆ. ನಾನು ಅಲ್ಲಿ ಮೆಷಿನ್ ಹಾಕುವುದಿಲ್ಲ. ಮೊನ್ನೆ ಎಣಿಸಿದಾಗ ಒಂದರಲ್ಲಿ ಏಳು ಎಲೆ ಇದ್ದವು.